ಕಲಾಯಿ ಕಾಸಿಂ ಕಾಕಾನ ಕಾರ್ಡು

ಕಾಸಿಂ ಕಾಕಾನ ಬಲಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಮೂವತ್ತು ವರ್ಷ ಪಾತ್ರೆಗಳಿಗೆ ತವರದ ಕಲಾಯಿ ಹಾಕುವ ಒಲೆಯ ಮೇಲೆ ಬಗ್ಗಿ ಬಗ್ಗಿ ಅದು ಸುಟ್ಟುಹೋಗಿತ್ತು. ಉಳಿದ ಒಂದು ಹುಬ್ಬನ್ನು ಎತ್ತಿ ಅವರು ಏನಾದರೂ ಕೇಳಿದರೆ, ಗೊತ್ತಿಲ್ಲದವರಿಗೂ ಉತ್ತರ ಹೇಳಿಬಿಡಬೇಕು ಅನ್ನಿಸುತ್ತಿತ್ತು.

“ಅವ್ವಾರ, ಬೆಂಕಿಗೆ ಹಿಡಿದ್ರ ತವರ ಮೊದ್ಲ ಕರಗ್ತೈತೋ, ತಾಮ್ರ ಮೊದ್ಲ ಕರಗ್ತೈತೋ? ಈ ವಾರದ ಸವಾಲು ಇದು. ನನಗ ಗೊತ್ತೈತಿ. ನಿಮಗ ಗೊತ್ತೈತೇನು ನೋಡೂನು ಅಂತ ಕೇಳಾಕತ್ತೀನಿ.”

ನಾನು ಇಳಕಲ್ಲಿನವಳು. ಸಿಂಧನೂರಿನ ಜವಳಿ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ನಾಲ್ಕು ಸೀರೆ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ಒಂದು ಸರ್ಟಿಫಿಕೇಟು ಇದ್ದವು. ನಿಜಾಮರ ಕಾಲದಲ್ಲಿ ಉರ್ದು ಸಾಲೆ ಕಲಿತ ಊರು ಸಿಂಧನೂರು. ಕನ್ನಡವನ್ನು ಸರಾಗವಾಗಿ ಬರೆಯುವ ಹೆಂಗಸು ನಮ್ಮ ಓಣಿಯಲ್ಲಿ ನಾನೊಬ್ಬಳೇ. ಆ ಜಂಬ ನನಗೆ ಬೇಕಾದಷ್ಟಿತ್ತು, ಸುಳ್ಳು ಯಾಕೆ ಹೇಳಲಿ.

ಮನೆಯ ಮುಂದಿನ ಭಾಗವೇ ಅಂಗಡಿ. ಅಲ್ಲಿ ಬ್ಯಾಟರಿಯ ಮೇಲೆ ನಡೆಯುವ ಒಂದು ರೇಡಿಯೊ. ಪ್ರತಿ ಭಾನುವಾರ ಸಂಜೆ ಹೈದರಾಬಾದಿನಿಂದ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದರು. ಉತ್ತರವನ್ನು ಕಾರ್ಡಿನ ಮೇಲೆ ಬರೆದು ಕಳಿಸಬೇಕು. ಸರಿಯಾಗಿ ಬರೆದವರ ಚೀಟಿ ಎತ್ತಿ, ಎರಡು ವಾರದ ನಂತರದ ಭಾನುವಾರ ಐದು ಹೆಸರು ಓದುತ್ತಿದ್ದರು. ಬಹುಮಾನ ಅಂತ ಬೇರೇನೂ ಇಲ್ಲ, ಹೆಸರು ಓದುವುದೇ ಬಹುಮಾನ.

ಕಾಕಾನಿಗೆ ಬೇಕಾದದ್ದೂ ಅಷ್ಟೇ. ನಿಜಾಮರನ್ನು ಇಳಿಸಿದ ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ಗಲಾಟೆಯಲ್ಲಿ ಅವರ ಅಣ್ಣ ಲಾಲಸಾಬ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿಗೆ ಓಡಿಹೋಗಿದ್ದ. ಆಗ ಕಾಕಾ ಲಿಂಗಸುಗೂರಿನ ಕಡೆ ಕಲಾಯಿಗೆ ಹೋದವರು ಒಬ್ಬ ಗೌಡರ ಹಗೇವಿನಲ್ಲಿ, ನೆಲದೊಳಗಿನ ಕಾಳಿನ ಕಣಜದಲ್ಲಿ, ಅಡಗಿ ಉಳಿದಿದ್ದರು. ತಮ್ಮ ಸತ್ತ ಅಂತ ಯಾರೋ ಅಣ್ಣನಿಗೆ ಹೇಳಿದ್ದರು. ಕಾಕಾ ಎರಡು ಸಲ ಹೈದರಾಬಾದಿಗೆ ಹೋಗಿ ಓಣಿ ಓಣಿ ತಿರುಗಿದರೂ ಅಣ್ಣ ಸಿಕ್ಕಿರಲಿಲ್ಲ.

“ಸತ್ತ ತಮ್ಮಗ ಯಾರು ಕಾಗದ ಬರೀತಾರ್ರಿ? ಆದ್ರ ನಮ್ಮಣ್ಣಗ ಕನ್ನಡ ಕೇಳಲಿಲ್ಲಂದ್ರ ಉಂಡ ಕೂಳು ಕರಗಂಗಿಲ್ಲ. ಎಲ್ಲೇ ಇರ್ಲಿ, ರೇಡಿಯೊ ಕೇಳ್ತಿರ್ತಾನ. ‘ಕಾಸಿಂಸಾಬ, ಕಲಾಯಿಗಾರ, ಸಿಂಧನೂರು’ ಅಂತ ಒಮ್ಮೆ ಅವನ ಕಿವಿಗೆ ಬಿದ್ರ ಸಾಕು, ಎದ್ದು ಬರ್ತಾನ.”

ಆದ್ದರಿಂದ ಅವರು ಉತ್ತರ ಹುಡುಕುತ್ತಿದ್ದುದು ಆಟಕ್ಕಲ್ಲ. ವಾರದಲ್ಲಿ ಎರಡು ದಿನ ಸಿಂಧನೂರು, ಎರಡು ದಿನ ಮಸ್ಕಿ, ಎರಡು ದಿನ ಲಿಂಗಸುಗೂರು. ಹೋದ ಊರಲ್ಲಿ ಬೇವಿನ ನೆರಳಿಗೆ ಒಲೆಯ ಕುಣಿ ತೋಡಿ, ಗಾಳಿ ಊದುವ ತಿದಿ ಹೂಡಿ, ಬಂದ ಹೆಂಗಸರಿಗೆಲ್ಲ ಆ ವಾರದ ಸವಾಲು ಹಾಕುವರು. ಹೇಳಿದವರಿಗೆ ಒಂದು ಲೋಟ ಪುಕ್ಕಟೆ ಕಲಾಯಿ. ತಪ್ಪು ಹೇಳಿದರೂ ಕೊಡುವಿರಾ ಅಂತ ನಾನೊಮ್ಮೆ ಕೇಳಿದ್ದೆ.

“ಕೊಡ್ತೀನ್ರಿ. ಖರೆ ಯಾವುದು, ಸುಳ್ಳು ಯಾವುದು ಆಮ್ಯಾಲೆ. ಬಾಯಿ ಬಿಟ್ಟು ಹೇಳಿದ್ದಕ್ಕ ಲೋಟ.”

ಮೂರು ಊರಿನ ಉತ್ತರ ಹೊತ್ತು ಶನಿವಾರ ನಮ್ಮ ಹಿತ್ತಲಿಗೆ ಬರುವರು. ನಾಲ್ಕು ಮನೆಯವರು ಒಂದೇ ಮಾತು ಹೇಳಿದ್ದರೆ ಅದೇ ಖರೆ ಅನ್ನುವುದು ಅವರ ಲೆಕ್ಕ. ನಾನು ಕಾರ್ಡು ಬರೆದು ಕೊಟ್ಟರೆ ಅದನ್ನು ಕಣ್ಣಿಗೊತ್ತಿಕೊಂಡು ಹೋಗುವರು. ಡಬ್ಬಿಗೆ ಹಾಕುವ ಮೊದಲು ಟಪಾಲು ಕಚೇರಿಯ ಮುಂದೆ ಸಿಕ್ಕವರ ಕೈಗೆ ಕೊಟ್ಟು, “ರೇಡಿಯೊದಾಗ ಓದಿದಂಗ ಗಟ್ಟಿ ಓದ್ರಿ” ಅಂತ ಓದಿಸಿ, ತಮ್ಮ ಹೆಸರು ಬಂದಾಗ ತಲೆದೂಗುವರು. ಊರವರಿಗೆ ಇದೊಂದು ನಗೆ. ನಮ್ಮ ಮನೆಯವರು, “ಬಂತೇನು ನಿನ್ನ ಸಾಬನ ಸವಾರಿ?” ಅಂತ ನನ್ನನ್ನು ಕಾಡಿಸುತ್ತಿದ್ದರು.

ಹೀಗೇ ವರ್ಷ ಕಳೆಯಿತು. ಉತ್ತರ ಬಹಳ ಸಲ ಸರಿಯಿರುತ್ತಿತ್ತು, ಚೀಟಿ ಮಾತ್ರ ಏಳುತ್ತಿರಲಿಲ್ಲ.

ಒಂದು ಭಾನುವಾರ ರೇಡಿಯೊ ಕೇಳಿತು: ಮೌರ್ಯ ಚಕ್ರವರ್ತಿಯ ಶಾಸನಗಳಲ್ಲಿ ಅವನ ಬಿರುದೇ ಹೆಚ್ಚು, ಅವನ ಸ್ವಂತ ಹೆಸರೇ ಇರುವ ಬಂಡೆಗಲ್ಲು ಯಾವ ಊರಿನಲ್ಲಿದೆ? ಆ ಶನಿವಾರ ಕಾಕಾ ಬಂದಾಗ ಮುಖ ಹೊಸದಾಗಿ ಕಲಾಯಿ ಮಾಡಿದ ತಟ್ಟೆಯಂತಿತ್ತು.

“ಬರೀರಿ ಅವ್ವಾರ. ಮಸ್ಕಿ.”

“ಮಸ್ಕಿನಾ?” ನನಗೆ ನಗು ತಡೆಯಲಿಲ್ಲ. “ಕಾಕಾ, ಹೈದರಾಬಾದಿನವ್ರು ಮಸ್ಕಿ ಸುದ್ದಿ ಯಾಕ ಕೇಳ್ತಾರ?”

“ಖರೇನ ಐತ್ರಿ. ಹಿಂದಕ ಒಬ್ರು ಸಾಹೇಬ್ರು ಅಲ್ಲಿ ಗುಡ್ಡದ ಬಂಡಿಗಲ್ಲಿಗೆ ಹಸಿ ಕಾಗದ ಬಡದು ಅಕ್ಷರ ಎತ್ತಿದ್ರು. ಅವರ ಅಡಗಿಯವ ನನ್ನ ಕಡೆ ಪಾತೇಲಿಗೆ ಕಲಾಯಿ ಹಾಕಿಸ್ಕೊಂಡ. ಇದರಾಗ ಬಾದಶಹನ ಹೆಸರು ಐತಿ ಅಂತ ಅವನ ಹೇಳಿದ.”

“ಮತ್ತ ಉಳಿದ ಮನಿಯವ್ರು?”

“ಯಾರಿಗೂ ಗೊತ್ತಿಲ್ರಿ. ಇದು ನನ್ನ ಒಬ್ಬನ ಉತ್ತರ.”

ಅಡುಗೆಯವನೊಬ್ಬ ಪಾತೇಲಿ ಮುಂದಿಟ್ಟುಕೊಂಡು ಹೇಳಿದ ಮಾತು. ನನಗೋ ಮುಲ್ಕಿ ಪುಸ್ತಕದಲ್ಲಿ ಓದಿದ ಸಾರನಾಥದ ಕಂಬ ನೆನಪಿತ್ತು. ನೋಟಿನ ಮೇಲಿನ ಸಿಂಹಗಳು ಅಲ್ಲಿನವೇ. ಹೆಸರು ಕೆತ್ತಿಸುವವನು ಅಲ್ಲಿ ಬಿಟ್ಟು, ಆಡು ಮೇಯುವ ಮಸ್ಕಿಯ ಗುಡ್ಡಕ್ಕೆ ಬಂದು ಕೆತ್ತಿಸುತ್ತಾನೆಯೇ? ಪಾಪ, ಮುದುಕನ ಒಂದು ವಾರ ಹಾಳಾಗುವುದು ಬೇಡ ಅಂತ ಕಾರ್ಡಿನ ಮೇಲೆ ಸಾರನಾಥ ಅಂತ ಬರೆದೆ. ಅವರಿಗೆ ಹೇಳಲಿಲ್ಲ. ಅವರು ಎಂದಿನಂತೆ ಕಣ್ಣಿಗೊತ್ತಿಕೊಂಡು ಹೋದರು.

ಹೆಸರು ಓದುವ ಭಾನುವಾರ ಕಾಕಾ ಅಂಗಡಿಯ ಮೆಟ್ಟಿಲ ಮೇಲೆ, ನಾನು ಪರದೆಯ ಹಿಂದೆ. ಉತ್ತರ ಮಸ್ಕಿ ಎಂದಿತು ರೇಡಿಯೊ. ಅಂಗಡಿಯಲ್ಲಿದ್ದವರೆಲ್ಲ ಹೋ ಅಂದರು. ಈ ಸಲ ಸರಿಯಾದ ಉತ್ತರ ಬಂದದ್ದು ಎರಡೇ, ಆದ್ದರಿಂದ ಚೀಟಿ ಎತ್ತುವ ಮಾತಿಲ್ಲ, ಎರಡೂ ಹೆಸರು ಓದುತ್ತೇವೆ ಎಂದಿತು. ಒಂದು ರಾಯಚೂರಿನದು, ಇನ್ನೊಂದು ಬೀದರಿನ ಕಡೆಯದು. ಆಮೇಲೆ ಹಾಡು ಹತ್ತಿತು.

ಕಾಕಾ ಹಾಡು ಮುಗಿಯುವವರೆಗೂ ಕೂತಿದ್ದರು. ಎದ್ದು ಪರದೆಯ ಕಡೆ ತಿರುಗಿ, “ಕಾರ್ಡು ಮುಟ್ಟಿಲ್ಲ ಕಾಣಸ್ತೈತ್ರಿ ಅವ್ವಾರ. ಟಪಾಲಿನಾಗ ಎಲ್ಲೋ ಬಿದ್ದೈತಿ” ಅಂದರು.

ನಾನು ಹೂಂ ಅಂದೆ. ಅದಾದ ಮೇಲೆ ಒಂದೂವರೆ ವರ್ಷ ನಿಜ ಹೇಳಲಿಲ್ಲ. ಶನಿವಾರ ಅವರು ಬರುವುದು ತಪ್ಪಲಿಲ್ಲ, ನಾನು ಬರೆಯುವುದೂ ತಪ್ಪಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ಅದರಿಂದ ಏನು ಬಂತು, ಹೋದ ಭಾನುವಾರ ತಿರುಗಿ ಬರಲಿಲ್ಲ.

ಕನ್ನಡ ನಾಡು ಒಂದಾದ ವರ್ಷ ಕಾಕಾನ ಹೆಂಡತಿ ತೀರಿಕೊಂಡರು. ಇನ್ನು ಇಲ್ಲಿ ಯಾರಿದ್ದಾರೆ, ಹೈದರಾಬಾದಿಗೇ ಹೋಗಿ ಅಲ್ಲೇ ಕಲಾಯಿ ಮಾಡುತ್ತ ಅಣ್ಣನನ್ನು ಹುಡುಕುತ್ತೇನೆ ಅಂತ ತಿದಿ ಕಟ್ಟಿಕೊಂಡು ಹೇಳಿಹೋಗಲು ಬಂದರು. ಈಗ ಬಿಟ್ಟರೆ ಇಲ್ಲ ಅಂತ ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ.

ಕಾಕಾ ಆ ಒಂದು ಹುಬ್ಬು ಎತ್ತಲಿಲ್ಲ.

“ನನಗ ಅವತ್ತ ಗೊತ್ತಿತ್ರಿ.”

“ಹೆಂಗ?”

“ಡಬ್ಬಿಗೆ ಹಾಕೂ ಮುಂದ ಓದಿಸ್ತಿದ್ದೆನಲ್ರಿ. ಆ ದಿನ ಬಸ್ಸಿನ ಕಂಡಕ್ಟರ್ ಓದಿದ. ಸಾರನಾಥ ಅಂದ. ಮಸ್ಕಿ ಅನ್ನಲಿಲ್ಲ.”

“ಮತ್ತ ಯಾಕ ಹಾಕಿದ್ರಿ ಕಾಕಾ? ತಿರುಗಿ ತಂದು ನನ್ನ ಮುಖದ ಮ್ಯಾಲೆ ಒಗೀಬೇಕಿತ್ತು.”

“ಓದಿದೋರು ಬರದಾರ ಅಂದ್ರ ನನ್ನ ತಿಳವಳಿಕೀನ ತಪ್ಪಿರಬೇಕು ಅನ್ಕೊಂಡೆ. ನಾ ಕಲಾಯಿಯವ. ಆ ಬಂಡಿಗಲ್ಲು ನಾ ಕಣ್ಣಿಲೆ ನೋಡಿದ್ದೆ, ಆದ್ರೂ ನಿಮ್ಮ ಅಕ್ಷರಾನ ಖರೆ ಅನಿಸ್ತು.”

ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಎದ್ದು, ಕಟ್ಟೆಯ ಮೇಲಿದ್ದ ನನ್ನ ಹಿತ್ತಾಳೆ ಲೋಟ ತೆಗೆದುಕೊಂಡು, ಕಟ್ಟಿದ ತಿದಿ ಬಿಚ್ಚಿದರು. ಬೇಡ ಕಾಕಾ ಅಂದೆ. “ಬಾಯಿ ಬಿಟ್ಟು ಹೇಳಿದ್ರಲ್ರಿ” ಅಂದು ಕುಣಿ ತೋಡಿದರು. ಲೋಟ ಬೆಳ್ಳಗಾದ ಮೇಲೆ ಅರಿವೆಯಿಂದ ಒರೆಸಿ ಕೈಗೆ ಕೊಟ್ಟು ಬಸ್ಸಿಗೆ ಹೋದರು. ಮತ್ತೆ ಬರಲಿಲ್ಲ.

ಆಮೇಲೆ ಪ್ರತಿ ವಾರ ನಾನೇ ಕಾರ್ಡು ಹಾಕಿದೆ, ಅವರ ಹೆಸರಿನಲ್ಲಿ. ಗೊತ್ತಿಲ್ಲದ್ದನ್ನು ಮಜ್ಜಿಗೆ ಮಾರುವವಳನ್ನೂ, ನೀರು ಹೊರುವವನನ್ನೂ ಕೇಳಿ, ಅವರು ಹೇಳಿದ್ದನ್ನೇ ಬರೆದೆ. ಹಲವು ತಿಂಗಳ ನಂತರ ಒಂದು ಭಾನುವಾರ, ಮೂರನೆಯ ಹೆಸರಾಗಿ, ರೇಡಿಯೊ ಸ್ಪಷ್ಟವಾಗಿ ಓದಿತು: ಕಾಸಿಂಸಾಬ, ಕಲಾಯಿಗಾರ, ಸಿಂಧನೂರು.

ನಮ್ಮ ಮನೆಯವರು ಕಾಡಿಸಲಿಲ್ಲ. ನಾನು ಪರದೆ ಸರಿಸಿ ಮೆಟ್ಟಿಲು ನೋಡಿದೆ. ಅವರ ಅಣ್ಣ ಲಾಲಸಾಬ ಅದನ್ನು ಕೇಳಿ ಸಿಂಧನೂರಿಗೆ ಹೊರಟು ಬಂದರೆ, ನಿಮ್ಮ ತಮ್ಮ ನಿಮ್ಮನ್ನೇ ಹುಡುಕಿಕೊಂಡು ಹೈದರಾಬಾದಿಗೆ ಹೋಗ್ಯಾನ ಅಂತ ಹೇಳಲು ಎಷ್ಟೋ ದಿನ ಬಾಗಿಲಲ್ಲೇ ಕೂತೆ. ಯಾರೂ ಬರಲಿಲ್ಲ. ಆ ಲೋಟದ ಕಲಾಯಿ ಹೋಗಿ ಒಳಗೆಲ್ಲ ಹಳದಿ ಬಿದ್ದಿದೆ. ಬೇರೆಯವರ ಕೈಯಲ್ಲಿ ಹಾಕಿಸಲು ನನಗೆ ಮನಸ್ಸಾಗಲಿಲ್ಲ.