ಹಾಲಿನ ಹದದ ಪ್ರೈಮರ್

ಎಲ್ಲರೂ ಓಪಾ, ಅಂದರೆ ಅಕ್ಕ, ಎಂದು ಕರೆಯುವ ತಾಷ್ಕೆಂಟಿನ ಮುಕದ್ದಸ್ ಪಾಲಿಗೆ ಪ್ರೈಮರ್ ಎಂದರೆ ಹಾಲಿನ ಹದದಲ್ಲಿರಬೇಕು, ಮೊಸರಿನಷ್ಟು ಮಂದವಾದರೆ ಮಹಾಪಾಪ. ಮೊಳದುದ್ದದ ಪ್ಲಾಸ್ಟಿಕ್ ಮಾದರಿ ವಿಮಾನಕ್ಕೆ ಬಣ್ಣದ ಮೊದಲು ಕೊಡುವ ಆ ಬೂದು ಲೇಪಕ್ಕೆ, ಹಳೆಯ ಚಹಾ ಬಟ್ಟಲಲ್ಲಿ ಥಿನ್ನರ್ ಹನಿಸುತ್ತಾರೆ, ಬಟ್ಟಲು ವಾಲಿಸಿ ಅದು ಜಾರುವುದನ್ನು ನೋಡುತ್ತಾರೆ, ಒಪ್ಪದೆ ಇನ್ನೊಂದು ಹನಿ ಬಿಡುತ್ತಾರೆ. ಅದನ್ನು ಸಿಂಪಡಿಸಲು ಏರ್‌ಬ್ರಷ್ ಹಿಡಿದಾಗ ಪಕ್ಕದ ಮನೆಯ ಸೊಸೆ ಅಂಗಳ ಗುಡಿಸಿದರೆ ಬೀದಿಗೆಲ್ಲ ಕೇಳುವಂತೆ ಬೈಗುಳ: "ದೂಳು ಕಣೇ, ದೂಳು!" ಪ್ರತಿ ವರ್ಷ ಮಾದರಿ ವಿಮಾನಗಳ ಪ್ರದರ್ಶನದ ಹಿಂದಿನ ದಿನ, ಅದನ್ನು ನಡೆಸುವ ಕ್ಲಬ್ಬಿನ ಶುಹ್ರತ್ ಓಡಿಬರುತ್ತಾನೆ. "ಓಪಾ, ಒಂದೇ ಸಲ ದಪ್ಪಗೆ ಹೊಡೆದು ಮುಗಿಸಿ. ಅರೆಬರೆ ಆದದ್ದನ್ನ ಒಳಗೆ ಬಿಡಲ್ಲ." "ನಿನ್ನ ವಿಮಾನ ನೋಡಿದೀನಿ, ಹಿಟ್ಟಲ್ಲಿ ಹೊರಳಿದ ಬೆಕ್ಕಿನ ಹಾಗಿದೆ. ನಾನು ಬೂದು ಬಣ್ಣದಲ್ಲೇ ತರ್ತೀನಿ. ಬಾಗಿಲಲ್ಲಿ ತಡೆದು ನೋಡು!" ಹಾಗೆಂದು ರೆಕ್ಕೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು, ಸಾಸಿವೆಗಿಂತ ಸಣ್ಣ ರಿವೆಟ್ ಮೊಳೆಗಳ ಸಾಲಿನ ಮೇಲೆ ಉಗುರು ಆಡಿಸುತ್ತಾರೆ. ವಿಮಾನ ಕಾರ್ಖಾನೆಯಲ್ಲಿ ನಿಜವಾದ ರೆಕ್ಕೆಗೆ ಅದೇ ಸಾಲನ್ನು ಹರೆಯವೆಲ್ಲ ಬಡಿದು, ಆ ಸದ್ದಿಗೆ ಎಡಗಿವಿಯನ್ನು ಕೊಟ್ಟು ಬಂದವರು ಅವರು. "ಕಾರ್ಖಾನೆಗೆ ಬೀಗ ಹಾಕಿದಾಗ ಸುಮ್ಮನಿದ್ದೆ ಕಣೋ. ಈಗ ಈ ರಿವೆಟ್‌ಗಳನ್ನೂ ನನ್ನ ಕೈಯಿಂದಲೇ ದಪ್ಪ ಪ್ರೈಮರ್ ಅಡಿ ಹೂಳಿಸ್ತೀಯಾ?" ಎನ್ನುತ್ತಾ ಬಟ್ಟಲಿಗೆ ಮತ್ತೊಂದು ಹನಿ ಥಿನ್ನರ್ ಬಿಡುತ್ತಾರೆ.