ಇಪ್ಪತ್ತನೆಯ ರುಜು

ಲೆಂಬಿತ್ ಪಾಯು ದೇವರನ್ನು ನಂಬುತ್ತಿರಲಿಲ್ಲ. ಆದರೂ ಕೊಯ್ವೆರೆ ಎಸ್ಟೇಟಿನ ಲೂಥರನ್ ಚರ್ಚು ಇನ್ನೂ ಚರ್ಚಾಗಿಯೇ ಉಳಿದಿದ್ದರೆ ಅದಕ್ಕೆ ಅವನೇ ಕಾರಣ. ಕಳೆದ ಮಂಗಳವಾರ ಅವನನ್ನು ಅದರ ಹಿಂದೆಯೇ ಮಣ್ಣು ಮಾಡಿದೆವು.

ಚರ್ಚು ಕಟ್ಟಿಸಿದ್ದು ಜರ್ಮನ್ ಧಣಿ. ಕಲ್ಲು ಸಾಗಿಸಿದ್ದು ನಮ್ಮ ಎಸ್ತೋನಿಯದ ಜೀತದಾಳುಗಳು; ಮನೆಗೆ ನಲವತ್ತು ಗಾಡಿ, ಬಿಟ್ಟಿ. ಧಣಿಯ ಕುಟುಂಬಕ್ಕೆ ಒಳಗೆ ಕೂರಲು ಒಲೆಯಿದ್ದ ಪ್ರತ್ಯೇಕ ಕಟಕಟೆ, ಉಳಿದವರಿಗೆ ಚಳಿ. ಧಣಿಗಳು ಹೋದರು. ಸೋವಿಯತ್ ಸರ್ಕಾರ ಬಂತು, ಧಣಿಯ ಬಂಗಲೆ ಸರ್ಕಾರಿ ಫಾರ್ಮಿನ ಕಚೇರಿಯಾಯಿತು. ಚರ್ಚು ಉಳಿಯಬೇಕಾದರೆ ಅದರ ಸದಸ್ಯರೆಂದು ಬದುಕಿರುವ ಇಪ್ಪತ್ತು ಜನರ ರುಜು ಬೇಕು. ಒಂದು ಕಡಿಮೆಯಾದರೂ ಬೀಗ, ಆಮೇಲೆ ಗೊಬ್ಬರದ ಗೋದಾಮು.

ಅರವತ್ತೆಂಟರ ಚಳಿಗಾಲದಲ್ಲಿ ರುಜು ಹಾಕಿದ್ದ ಅಜ್ಜಿಯೊಬ್ಬಳು ತೀರಿಕೊಂಡಳು. ಅವಳ ಶವಪೆಟ್ಟಿಗೆ ಸಾಗಿಸಲು ಟ್ರ್ಯಾಕ್ಟರ್ ಕೇಳಿಕೊಂಡು ಪಾದ್ರಿ ಲೆಪ್ಪಿಕ್ ಫಾರ್ಮಿನ ಷೆಡ್ಡಿಗೆ ಬಂದರು. ಲೆಂಬಿತ್ ಷೆಡ್ಡಿನ ಮೇಲ್ವಿಚಾರಕ. ಫಾರ್ಮಿನ ಗ್ರಂಥಾಲಯ ನೋಡಿಕೊಳ್ಳುವ ನಾನು ಅಲ್ಲಿ ಚಹಾ ಕುಡಿಯುತ್ತಿದ್ದೆ.

“ಇನ್ನು ಹತ್ತೊಂಬತ್ತೇ ಜನ,” ಎಂದರು ಪಾದ್ರಿ.

“ಕಾಗದ ಕೊಡಿ ಇಲ್ಲಿ,” ಎಂದ ಲೆಂಬಿತ್.

“ನಿಮಗೆ ನಂಬಿಕೆ ಇಲ್ವಲ್ಲ?”

“ನಿಮಗೆ ಬೇಕಾಗಿರೋದು ನಂಬಿಕೆನೋ, ಹೆಸರೋ? ನಮ್ಮ ಮುತ್ತಜ್ಜನ ಅಪ್ಪ ನಲವತ್ತು ಗಾಡಿ ಕಲ್ಲು ಹೊಡೆದಿದ್ದು ಗೊಬ್ಬರದ ಚೀಲ ಬೆಚ್ಚಗಿರ್ಲಿ ಅಂತಲ್ಲ.”

“ಲೋ, ಕೆಲಸ ಹೋಗತ್ತೆ ಕಣೋ,” ಎಂದೆ ನಾನು.

“ಹೋಗ್ಲಿ ಬಿಡು.”

ಎರಡೇ ವಾರಕ್ಕೆ ಹೋಯಿತು. ಅವನನ್ನು ಬಾಯ್ಲರಿಗೆ ಕಲ್ಲಿದ್ದಲು ತುಂಬಲು ಹಾಕಿದರು.

“ಹತ್ತೊಂಬತ್ತು ಜನಕ್ಕೆ ಸ್ವರ್ಗ, ನಿನಗೊಬ್ಬನಿಗೆ ಬಾಯ್ಲರ್,” ಎಂದಳು ಫಾರ್ಮಿನ ಕೊಟ್ಟಿಗೆಯಲ್ಲಿ ದುಡಿಯುವ ಅವನ ಹೆಂಡತಿ ಮೀತಾ. ಹನ್ನೊಂದು ವರ್ಷ ಅದನ್ನೇ ಹೇಳಿದಳು.

ತಲೆ ಎಣಿಸಲು ಜಿಲ್ಲೆಯ ಅಧಿಕಾರಿಗಳು ಬಂದಾರೆಂದು ಅವನು ಪ್ರತಿ ಭಾನುವಾರ ಹೋಗಿ ಧಣಿಯ ಕಟಕಟೆಯಲ್ಲಿ ಕೂತು ನಿದ್ದೆ ಮಾಡುತ್ತಿದ್ದ. ಗೊರಕೆ ಜೋರಾದರೆ ಆರ್ಗನ್ ನುಡಿಸುವಾಕೆ ಒಂದು ಚರಣ ಹೆಚ್ಚಿಗೆ ನುಡಿಸುತ್ತಿದ್ದಳು.

ಬಾಯ್ಲರಿನ ಮುಂದೆಯೇ ಅವನ ಎದೆಬಡಿತ ನಿಂತಿತು. ಮಂಗಳವಾರ ಮಣ್ಣು ಮುಗಿದ ಮೇಲೆ ಎಲ್ಲರೂ ಅವನ ಮನೆಯಲ್ಲಿ ಕಾಫಿಗೆ ಕೂತೆವು. ಪಾದ್ರಿ ರುಜುಗಳ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಹತ್ತೊಂಬತ್ತು. ರುಜು ಹಾಕದವರೆಲ್ಲ ಆಲೂಗಡ್ಡೆಯ ತಟ್ಟೆಯನ್ನು ನೋಡತೊಡಗಿದರು. ನಾನೂ ನೋಡಿದೆ.

“ಕೊಡಿ,” ಎಂದಳು ಮೀತಾ.

“ಫಾರ್ಮಿನವರು ನಿಮ್ಮನ್ನೂ ಕೆಳಗಿನ ಕೆಲಸಕ್ಕೆ ಹಾಕಿಬಿಟ್ರೆ?” ಎಂದರು ಪಾದ್ರಿ.

“ಸಗಣಿ ಬಾಚೋದಕ್ಕಿಂತ ಕೆಳಗಿನ ಕೆಲಸ ಇದ್ರೆ ಹುಡುಕಿ ಕೊಡ್ಲಿ.”

ರುಜು ಹಾಕಿದಳು. ಆಮೇಲೆ ಕೇಳಿದಳು:

“ಭಾನುವಾರ ಎಷ್ಟು ಗಂಟೆಗೆ?”

“ಹತ್ತಕ್ಕೆ.”

“ಹಾಗಾದ್ರೆ ಹಾಲು ಬೇಗ ಕರೀಬೇಕು,” ಎಂದು ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.