ಕಡಲ ಕುದುರೆಯ ಮನೆಯಿಂದ ಬಂದ ಡಬ್ಬಿ

ಪಕ್ಕದ ಮನೆಯ ತಾತ ತೀರಿಕೊಂಡರು. ನಡೆದದ್ದು ಅಷ್ಟೇ. ನನ್ನ ಮಗಳು ಇದನ್ನು ಒಪ್ಪುವುದಿಲ್ಲ, ಅಳಿಯನೂ ಒಪ್ಪುವುದಿಲ್ಲ. ಯಾರೂ ಬಂದು ನನಗೆ ಹೇಳಲಿಲ್ಲ ಎನ್ನುವುದೂ ನಿಜ. ಆದರೂ ಅವರು ತೀರಿಕೊಂಡರು.

ಮೊನ್ನೆ ಹಪ್ಪಳದ ಕಟ್ಟು ಹುಡುಕುತ್ತ ಮೇಲಿನ ಕಪಾಟಿಗೆ ಕೈ ಹಾಕಿದಾಗ ಮೂಲೆಯಲ್ಲಿ ನೀಲಿ ಬಟ್ಟೆಯ ಗಂಟು ಸಿಕ್ಕಿತು. ಮೊಲದ ಕಿವಿಯ ಹಾಗೆ ಎರಡು ತುದಿ ಮೇಲೆ ಮಾಡಿ ಕಟ್ಟಿದ ಗಂಟು. ಬಿಚ್ಚಿದೊಡನೆ ಉಪ್ಪುನೀರಿನ ವಾಸನೆ ಬಂತು, ಅದರ ಹಿಂದೆಯೇ ಊದುಬತ್ತಿಯದು. ಒಳಗೆ ನನ್ನದೇ ಸ್ಟೀಲ್ ಡಬ್ಬಿ. ಇಷ್ಟು ವರ್ಷವಾದರೂ ಬಟ್ಟೆಗೆ ಆ ಮನೆಯ ವಾಸನೆ ಹಾಗೇ ಇದೆಯಲ್ಲ ಎಂದು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಆ ದಿನ ಹಪ್ಪಳ ಕರಿಯಲಿಲ್ಲ…

ನಾವಿರುವುದು ಜಪಾನಿನಲ್ಲಿ, ಓಜಿಮಾ ಎನ್ನುವ ಕಡೆ ಒಂದು ದೊಡ್ಡ ವಸತಿ ಕಟ್ಟಡದಲ್ಲಿ. ಕೆಳಗಿಳಿದರೆ ಕನ್ನಡ, ತೆಲುಗು, ಹಿಂದಿ ಎಲ್ಲ ಕಿವಿಗೆ ಬೀಳುತ್ತದೆ. ನಮ್ಮ ಮಹಡಿಯಲ್ಲಿ ಮಾತ್ರ ಮಾತಿಗೆ ಯಾರೂ ಇರಲಿಲ್ಲ. ಮಗಳು, ಅಳಿಯ ಕೆಲಸಕ್ಕೆ ಹೋದರೆ ನಾನು ಮತ್ತು ಗೋಡೆ. ಮೊದಲ ಗೌರಿ ಹಬ್ಬಕ್ಕೆ ಕೊಬ್ಬರಿ ಮಿಠಾಯಿ ಮಾಡಿ, ಈ ಡಬ್ಬಿಗೆ ತುಂಬಿ, ಪಕ್ಕದ ಬಾಗಿಲು ತಟ್ಟಿದೆ. ತೆಳ್ಳಗೆ, ನೆಟ್ಟಗೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಒಬ್ಬರು ತೆರೆದರು. ಒಂಟಿ. ನನ್ನ ವಯಸ್ಸೇ ಇರಬೇಕು, ಆದರೂ ನಮ್ಮ ಮನೆಯಲ್ಲಿ ಅವರಿಗೆ ತಾತ ಎಂದೇ ಹೆಸರಾಯಿತು.

ಡಬ್ಬಿ ಕಿತ್ತಳೆ ಹಣ್ಣು ತುಂಬಿಕೊಂಡು ವಾಪಸ್ಸು ಬಂತು. ಈ ನೀಲಿ ಬಟ್ಟೆಯಲ್ಲೇ ಕಟ್ಟಿ ತಂದಿದ್ದರು. ನಾನು ಬಟ್ಟೆಯನ್ನು ಹಾಗೇ ಕೊಡುವುದು ಹೇಗೆಂದು ಚಕ್ಕುಲಿ ತುಂಬಿ ಡಬ್ಬಿ ಸಮೇತ ಕೊಟ್ಟೆ. ಅವರು ಮತ್ತೇನೋ ತುಂಬಿದರು. ಹೀಗೇ ನಡೆಯಿತು. ಇಬ್ಬರಿಗೂ ನಿಲ್ಲಿಸಲು ಬರಲಿಲ್ಲ. ಒಂದು ಸಲ ಮಾತ್ರ ಡಬ್ಬಿಯಲ್ಲಿ ಬರೀ ಒಂದು ಬೆಂಕಿಪೊಟ್ಟಣ ಬಂತು. ನನಗೆ ಮೈಯೆಲ್ಲ ಉರಿಯಿತು.

"ಇದೇನೇ ಇದು, ನಿಪ್ಪಟ್ಟು ಕೊಟ್ರೆ ಬೆಂಕಿಕಡ್ಡಿ ಕೊಡ್ತಾರೆ? ಯಾರ ಮನೆಗೆ ಹಚ್ಚಲಿ ಅಂತ?"

ಮಗಳಿಗೂ ತಿಳಿಯಲಿಲ್ಲ. ಆಫೀಸಿನಲ್ಲಿ ಒಬ್ಬ ವಯಸ್ಸಾದ ಹೆಂಗಸನ್ನು ಕೇಳಿಕೊಂಡು ಬಂದಳು. "ಅಮ್ಮ, ಅದು ಇವರ ಹಳೇ ಪದ್ಧತಿ ಅಂತೆ. ಪಾತ್ರೆ ಖಾಲಿ ವಾಪಸ್ ಕೊಡಬಾರ್ದು, ಏನೂ ಇಲ್ದಿದ್ರೆ ಒಂದು ಬೆಂಕಿಪೊಟ್ಟಣನಾದ್ರೂ ಹಾಕ್ತಿದ್ರಂತೆ. ನಾವು ಒಂದು ಚಮಚ ಸಕ್ಕರೆ ಹಾಕಲ್ವಾ, ಹಾಗೆ. ಈಗಿನೋರಿಗೆ ಇದೆಲ್ಲ ಗೊತ್ತೇ ಇಲ್ವಂತೆ."

ಆಮೇಲೆ ನನಗೆ ತಾತನ ಮೇಲೆ ಒಂದು ಮರ್ಯಾದೆ ಬಂತು.

ಅವರ ಮುಂದಿನ ಕೋಣೆಯಲ್ಲಿ ಟಿವಿ ಇರಬೇಕಾದ ಜಾಗದಲ್ಲಿ ಗಾಜಿನ ತೊಟ್ಟಿ ಇತ್ತು. ಒಳಗೆ ಎರಡು ಕಡಲ ಕುದುರೆ. ಮೊದಲ ದಿನ ನೋಡಿದಾಗ ಪ್ಲಾಸ್ಟಿಕ್ ಆಟದ ಸಾಮಾನು ಎಂದುಕೊಂಡೆ. ಮುಖ ಕುದುರೆಯದು, ಬಾಲ ಕೋತಿಯದು, ಕಣ್ಣು ಊಸರವಳ್ಳಿಯದು, ಒಂದು ಕಣ್ಣು ಅತ್ತ ನೋಡಿದರೆ ಇನ್ನೊಂದು ಇತ್ತ. ಮೀನಂತೆ ಮಲಗಿ ಈಜುವುದಿಲ್ಲ, ನಿಂತೇ ಇರುತ್ತವೆ. ಹುಲ್ಲಿನ ಕಡ್ಡಿಗೆ ಬಾಲ ಸುತ್ತಿಕೊಂಡು ಬಸ್ಸಿನಲ್ಲಿ ಕಂಬ ಹಿಡಿದು ನಿಂತವರ ಹಾಗೆ ತೂಗುತ್ತವೆ. ದೇವರು ಉಳಿದ ಚೂರುಗಳನ್ನೆಲ್ಲ ಸೇರಿಸಿ ಮಾಡಿದ್ದಿರಬೇಕು. ಇದನ್ನು ಸಾಕುವುದರಲ್ಲಿ ಏನು ಸುಖ ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಒಂದು ಚಳಿಗಾಲದಲ್ಲಿ ಹೋದಾಗ ಅವುಗಳಲ್ಲಿ ಒಂದಕ್ಕೆ ಹೊಟ್ಟೆ ಉಬ್ಬಿತ್ತು. ತಾತ ಅದನ್ನು ತೋರಿಸಿ, ತಮ್ಮ ಎದೆ ಮುಟ್ಟಿಕೊಂಡು, ನಕ್ಕರು. ಅದು ಗಂಡು, ಈ ಜಾತಿಯಲ್ಲಿ ಬಸುರಿ ಆಗುವುದು ಗಂಡೇ ಎಂದು ಮಗಳು ಬಿಡಿಸಿ ಹೇಳಿದಳು. ನಾನು ಅವರೆದುರೇ ಹೇಳಿದೆ, "ಹೇಳು ಅವರಿಗೆ, ನಾನು ಮೂರು ಹೆತ್ತಿದೀನಿ, ಮೊದಲೇ ಗೊತ್ತಿದ್ದಿದ್ರೆ ಈ ಕುದುರೆ ಜಾತೀಲಿ ಹುಟ್ತಿದ್ದೆ ಅಂತ." ಮಗಳು ಏನು ಹೇಳಿದಳೋ, ತಾತ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಆ ಚಳಿಗಾಲದ ಕೊನೆಗೆ ಒಂದು ಭಾನುವಾರ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಬೀಗದ ಕೈ. ಸುಮಿಮಾಸೆನ್, ಸುಮಿಮಾಸೆನ್ ಎಂದು ಬಗ್ಗಿ ಬಗ್ಗಿ ಕ್ಷಮೆ ಕೇಳಿದರು. ಸ್ವಲ್ಪ ದಿನ ಆಸ್ಪತ್ರೆಯಲ್ಲಿ ಇರಬೇಕು, ಬಂದುಬಿಡುತ್ತೇನೆ, ಅಲ್ಲಿಯವರೆಗೆ ಕುದುರೆಗಳಿಗೆ ಊಟ ಹಾಕುತ್ತೀರಾ ಎಂದು. ಏನು ಕಾಯಿಲೆ ಎಂದು ಮಗಳು ಕೇಳಲಿಲ್ಲ. ಇಲ್ಲಿ ಹಾಗೆಲ್ಲ ಕೇಳಬಾರದಂತೆ. ಕೇಳಿದ್ದರೆ ಇವತ್ತು ನನಗೆ ಇಷ್ಟು ಗೊಂದಲವೇ ಇರುತ್ತಿರಲಿಲ್ಲ.

ಊಟ ಎಂದರೆ ಸೀಗಡಿ. ಫ್ರೀಜರಿನಲ್ಲಿ ಮಂಜುಗಡ್ಡೆ ಬಿಲ್ಲೆಯಾಗಿ ಇರುತ್ತದೆ. ಒಂದು ಲೋಟ ನೀರಿನಲ್ಲಿ ಕರಗಿಸಿ, ಜಾಲರಿಯಲ್ಲಿ ತೊಳೆದು, ಉದ್ದ ಗಾಜಿನ ಕೊಳವೆಯಲ್ಲಿ ಎಳೆದು, ಅವುಗಳ ಮೂತಿಯ ಮುಂದೆ ಒಂದೊಂದಾಗಿ ಬಿಡಬೇಕು. ಅವಕ್ಕೆ ಹೊಟ್ಟೆಯ ಚೀಲವೇ ಇಲ್ಲವಂತೆ, ತಿಂದದ್ದು ನಿಲ್ಲುವುದಿಲ್ಲ. ಅದಕ್ಕೇ ಬೆಳಿಗ್ಗೆ ಸಂಜೆ ತಪ್ಪಿಸುವಂತಿಲ್ಲ, ತಪ್ಪಿಸಿದರೆ ಸಾಯುತ್ತವೆ.

ನಾನು ಹುಟ್ಟಿದಂದಿನಿಂದ ಮೊಟ್ಟೆ ಮುಟ್ಟಿದವಳಲ್ಲ. ಆದರೂ ಬೀಗದ ಕೈ ಇಸಿದುಕೊಂಡೆ. ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮೊಟ್ಟೆ ತಂದಿದ್ದಕ್ಕೆ ಫ್ರಿಡ್ಜ್ ಪೂರ್ತಿ ತೊಳೆಸಿದ್ದೆ ನನ್ ಕೈಲಿ. ಈಗ ನೀನೇ ಸೀಗಡಿ ತೊಳೀತೀಯಾ?"

"ನಾನೇನು ತಿಂತೀನಾ? ಬಂದು ಸ್ನಾನ ಮಾಡ್ತೀನಿ."

"ದಿನಕ್ಕೆ ಮೂರು ಸ್ನಾನ! ಗ್ಯಾಸ್ ಬಿಲ್ ತಾತನ ಹೆಸರಿಗೆ ಹಾಕ್ಸೋಣ ಬಿಡು."

ಹಾಗೇ ಮಾಡಿದೆ. ಹೋಗುವುದು, ಊಟ ಹಾಕುವುದು, ಬಂದು ಮೈಗೆ ನೀರು ಹಾಕಿಕೊಳ್ಳುವುದು. ಏಕಾದಶಿಯ ದಿನ ಮಾತ್ರ ಮಗಳ ಸರದಿ. ಕೊಳವೆಯಿಂದ ಸೀಗಡಿ ಬಿಟ್ಟರೆ ಕುದುರೆ ತಕ್ಷಣ ತಿನ್ನುವುದಿಲ್ಲ. ಹತ್ತಿರ ಬಂದು, ತಲೆ ಓರೆ ಮಾಡಿ, ಸೊಸೆ ಮಾಡಿದ ಸಾರನ್ನು ಅತ್ತೆ ನೋಡುವ ಹಾಗೆ ನೋಡುತ್ತದೆ. ಆಮೇಲೆ ಟಕ್ ಎಂದು ಒಂದು ಸದ್ದು, ಸೀಗಡಿ ಮಾಯ. ಆ ಸದ್ದು ಗಾಜಿನ ಹೊರಗೂ ಕೇಳುತ್ತಿತ್ತು.

ನನ್ನ ಡಬ್ಬಿ ಅವರ ಅಡುಗೆ ಕಟ್ಟೆಯ ಮೇಲೆ, ಈ ಬಟ್ಟೆಯ ಪಕ್ಕದಲ್ಲೇ ತೊಳೆದು ಬೋರಲು ಹಾಕಿತ್ತು. ಕೊನೆಯ ಸಲ ಅವಲಕ್ಕಿ ಕೊಟ್ಟಿದ್ದೆ. ತುಂಬಿ ಕೊಡುವ ಸರದಿ ಅವರದು. ದಿನಾ ಕಣ್ಣಿಗೆ ಬೀಳುತ್ತಿತ್ತು, ದಿನಾ ಬಿಟ್ಟು ಬರುತ್ತಿದ್ದೆ. ನನ್ನದೇ ಡಬ್ಬಿ, ನನ್ನ ಕೈಯಲ್ಲೇ ಬೀಗದ ಕೈ. ಆದರೂ ಖಾಲಿ ಡಬ್ಬಿ ಎತ್ತಿಕೊಂಡು ಬಂದರೆ ತಾತ ಬರುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿದ ಹಾಗಾಗುತ್ತಿತ್ತು.

ಒಂದು ಬೆಳಿಗ್ಗೆ ಹೋದರೆ ತೊಟ್ಟಿಯ ತುಂಬ ಕೂದಲಿನ ಎಳೆಗಳು. ನೀರು ಕೆಟ್ಟಿತು, ಹುಳ ಬಿದ್ದಿದೆ ಎಂದುಕೊಂಡೆ. ಬಗ್ಗಿ ನೋಡಿದರೆ ಒಂದೊಂದು ಎಳೆಗೂ ಕುದುರೆಯ ಮುಖ! ಗಂಡು ಹೆತ್ತಿತ್ತು. ಹೊಟ್ಟೆ ಇಳಿದು, ಸುಸ್ತಾಗಿ, ಕಡ್ಡಿ ಹಿಡಿದು ನಿಂತಿತ್ತು. ಮಗಳು ಫೋಟೋ ತೆಗೆದು ತಾತನ ಫೋನಿಗೆ ಕಳಿಸಿದಳು, ಮರಿಗಳಿಗೆ ಏನು ಹಾಕಬೇಕು ಎಂದು ಕೇಳಿದಳು. ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಓದಿದ್ದು ಯಾರು? ತಾತನೇ ಓದಿ, ಬರೆಯಲು ಕೈಲಾಗದೆ ಇದ್ದರೋ… ಬೇರೆ ಯಾರೋ ಓದಿದರೋ… ಮರಿಗಳು ನಾನು ಅರೆದು ಬಿಟ್ಟ ಸೀಗಡಿ ಮುಟ್ಟಲಿಲ್ಲ. ಒಂದೂ ಉಳಿಯಲಿಲ್ಲ. ದೊಡ್ಡವು ಎರಡು ಮಾತ್ರ ಗಟ್ಟಿಯಾಗಿದ್ದವು. ತಾತ ಬರುವವರೆಗೆ ಇವನ್ನಾದರೂ ಸಾಯಲು ಬಿಡುವುದಿಲ್ಲ ಎಂದುಕೊಂಡೆ.

ಚೆರ್ರಿ ಹೂವು ಬಿಟ್ಟ ಮೇಲೆ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ತಾತನದೇ ಮೂಗು, ತಾತನದೇ ಹಣೆ. ಮಗಳೇ ಇರಬೇಕು. ಜೊತೆಗೆ ಸಾಕುಮೀನಿನ ಅಂಗಡಿಯವರಿಬ್ಬರು. ಪಕ್ಕದ ಬಾಗಿಲು ನಾನೇ ತೆರೆದುಕೊಟ್ಟೆ. ಅವರು ಕುದುರೆಗಳನ್ನು ನೀರು ತುಂಬಿದ ಚೀಲಕ್ಕೆ ಇಳಿಸಿದರು, ಚೀಲವನ್ನು ಪೆಟ್ಟಿಗೆಗೆ ಇಟ್ಟರು. ಹಿಡಿಯಲು ಕಡ್ಡಿ ಸಿಗದೆ ಎರಡೂ ಒಂದರ ಬಾಲ ಇನ್ನೊಂದು ಹಿಡಿದುಕೊಂಡವು. ನಾನು ಬೀಗದ ಕೈ ಕೊಟ್ಟೆ. "ಓಜೀಸಾನ್?" ಎಂದು ಕೇಳಿದೆ. ತಾತ ಎನ್ನುವುದಕ್ಕೆ ಇಲ್ಲಿಯ ಮಾತು, ನನಗೆ ಬರುತ್ತಿದ್ದದ್ದೇ ಅಷ್ಟು. ಅವಳು ಉದ್ದಕ್ಕೆ ಏನೋ ಹೇಳಿದಳು. ಹೇಳುವಾಗ ನಗುತ್ತಿದ್ದಳು. ಉಪಕಾರವಾಯಿತು ಎನ್ನುವ ಹಾಗೆ ಅರಿಗಾತೋ ಎಂದು ಹಲವು ಸಲ ಬಗ್ಗಿದಳು. ಕೊನೆಗೆ ನೀಲಿ ಬಟ್ಟೆಯ ಗಂಟು ನನ್ನ ಎರಡೂ ಕೈಯಲ್ಲಿಟ್ಟು ಹೋದಳು.

ಹಗುರಾಗಿತ್ತು. ಅಲ್ಲಾಡಿಸಿದೆ, ಸದ್ದಿಲ್ಲ. ತೆರೆದೆ. ತೊಳೆದು ಒರೆಸಿದ ಡಬ್ಬಿ, ಬೆಂಕಿಪೊಟ್ಟಣವೂ ಇಲ್ಲ.

ಸಂಜೆ ಮಗಳಿಗೆ ಹೇಳಿದೆ, "ತಾತ ಹೋಗಿಬಿಟ್ರು ಕಣೇ."

"ಅವಳು ಹೇಳಿದ್ಲಾ?"

"ಏನೋ ಹೇಳಿದ್ಲು. ನಗ್ತಾ ಹೇಳಿದ್ಲು."

"ನಗ್ತಾ ಇದ್ಲು ಅಂದ್ರೆ ಹುಷಾರಾಗಿದ್ದಾರೆ ಬಿಡಮ್ಮ, ಮಗಳ ಮನೆಗೆ ಹೋಗಿರ್ತಾರೆ."

ಅಳಿಯ ಅಡ್ಡ ಬಂದ. "ಇಲ್ಲಿಯೋರು ಸಾವಿನ ಸುದ್ದೀನೂ ನಗ್ತಾನೇ ಹೇಳ್ತಾರೆ, ಎದುರಿಗಿರೋರಿಗೆ ಭಾರ ಆಗಬಾರ್ದು ಅಂತ. ಹಾಗಂತ ಸತ್ತೇ ಹೋದ್ರು ಅನ್ನಕ್ಕೂ ಆಗಲ್ಲ, ಅತ್ತೆ."

"ಡಬ್ಬಿ ಖಾಲಿ ಇತ್ತು," ಎಂದೆ.

"ಅಯ್ಯೋ ಅಮ್ಮ, ಅವಳಿಗೆ ಆ ಪದ್ಧತಿ ಗೊತ್ತಿಲ್ಲ ಅಷ್ಟೇ!"

ಇರಬಹುದು. ಆದರೆ ತಾತನಿಗೆ ಗೊತ್ತಿತ್ತಲ್ಲ. ಬದುಕಿದ್ದರೆ ಮಲಗಿದಲ್ಲಿಂದಲೇ ಹೇಳಿ ಹಾಕಿಸುತ್ತಿದ್ದರು. ಮಾತೇ ನಿಂತುಹೋಗಿತ್ತೇನೋ, ಬದುಕಿಯೂ ಹೇಳಲಾಗಲಿಲ್ಲವೇನೋ ಎಂದು ಒಮ್ಮೊಮ್ಮೆ ಅನ್ನಿಸಿ ತಲೆ ಕೆಡುತ್ತದೆ… ಅವರ ಫೋನಿಗೆ ಆಮೇಲೆ ಕರೆ ಹೋಗಲಿಲ್ಲ. ಕಟ್ಟಡದ ಕಚೇರಿಯವರು ಒಬ್ಬರ ಮನೆಯ ವಿಷಯ ಇನ್ನೊಬ್ಬರಿಗೆ ಹೇಳುವುದಿಲ್ಲವಂತೆ. ಈಗ ಆ ಮನೆಯಲ್ಲಿ ಚಿಕ್ಕ ವಯಸ್ಸಿನ ಗಂಡಹೆಂಡತಿ ಇದ್ದಾರೆ. ಬಾಗಿಲು ತೆರೆದಾಗ ಇಣುಕಿದರೆ ತೊಟ್ಟಿ ಇದ್ದ ಜಾಗದಲ್ಲಿ ಟಿವಿ ಇದೆ. ಮೊನ್ನೆ ಡಬ್ಬಿಯನ್ನು ಅದೇ ಬಟ್ಟೆಯಲ್ಲಿ ಕಟ್ಟಿ ಮತ್ತೆ ಕಪಾಟಿನಲ್ಲೇ ಇಟ್ಟೆ. ತಾತನಂಥವರು ಈ ಮಹಡಿಯಲ್ಲಿ ಮತ್ತೆ ಸಿಗಲಿಲ್ಲ, ಸಿಗುವುದೂ ಇಲ್ಲ.

ಕುದುರೆಗಳನ್ನು ಒಯ್ದ ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಎದ್ದೆ. ಸೀಗಡಿ ಮುಟ್ಟುವ ಕೆಲಸ ಇರಲಿಲ್ಲ. ಸ್ನಾನದ ಮನೆಗೆ ಹೋಗಿ, ನಮ್ಮವರು ಯಾರಾದರೂ ಹೋದ ಸುದ್ದಿ ಬಂದಾಗ ಮಾಡುವ ಹಾಗೆ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡೆ.